ಚಿರತೆಗೆ ನೆಯ್ದ ನೀಲಿ ಬಟ್ಟೆ

ನೆಗಮಂನ ನೇಕಾರ ಶಣ್ಮುಗಂಗೆ ಲೋಕದಲ್ಲಿ ಇದ್ದದ್ದು ಒಬ್ಬನೇ ಶತ್ರು: ಹುಳ. ಪವರ್‌ಲೂಮ್ ಬಂತು, ಕ್ಷಮಿಸಿದ. ಪಾಲಿಯೆಸ್ಟರ್ ಬಂತು, ಅದನ್ನೂ ಹೊಟ್ಟೆಗೆ ಹಾಕಿಕೊಂಡ. ಆದರೆ ತಾನು ನೆಯ್ದ ಸೀರೆಗೆ ಒಂದು ಹುಳ ಬಾಯಿ ಹಾಕಿತು ಅಂದರೆ ಎರಡು ದಿನ ಅನ್ನ ಸೇರುತ್ತಿರಲಿಲ್ಲ. ಸೀರೆ ನೇಯುವವನು ತಾನು, ತೂತು ನೇಯುವುದು ಅದು. ಒಂದೇ ಬಟ್ಟೆಯಲ್ಲಿ ಇಬ್ಬರು ನೇಕಾರರಿಗೆ ಜಾಗವಿಲ್ಲ ಎಂಬುದು ಅವನ ಸಿದ್ಧಾಂತ.

ಅವನ ಒಬ್ಬಳೇ ಮಗಳು ನಿತ್ಯಾ, ಮಗ್ಗ ಬಿಟ್ಟ ಮಗಳು. ಪಶುವೈದ್ಯ ಓದಿದಳು. ಮಗಳು ದನದ ಡಾಕ್ಟರು ಎಂದು ಶಣ್ಮುಗಂ ಬೀದಿಗೆಲ್ಲ ಹೇಳಿಕೊಂಡು ಬಂದ. ಆಮೇಲೆ ಅವಳು ಉಡುಮಲೈ ಆಚೆ, ಅಮರಾವತಿ ಕಡೆಯ ಬೆಟ್ಟದ ಬುಡದಲ್ಲಿ ಚಿರತೆಗಳ ಕಾಯಿಲೆ ಕಾಯುವ ಕೆಲಸಕ್ಕೆ ಸೇರಿದಳು. ಆಗ ಬೀದಿಗೆ ಏನು ಹೇಳುವುದು? ಮಗಳು ದನದ ಡಾಕ್ಟರಲ್ಲ, ದನ ತಿನ್ನುವುದರ ಡಾಕ್ಟರು ಅನ್ನಲು ಬಾಯಿ ಬರಲಿಲ್ಲ.

ಒಂದು ಬೆಳಗ್ಗೆ ನಿತ್ಯಾ ಫೋನ್ ಮಾಡಿದಳು. ಒಂದು ಎಳೆಯ ಹೆಣ್ಣು ಚಿರತೆ ಯಾರದೋ ತೋಟದ ಬಾವಿಗೆ ಬಿದ್ದಿತ್ತಂತೆ. ಎತ್ತಿ ನೋಡಿದರೆ ಜ್ವರ, ನಿತ್ರಾಣ. ರಕ್ತ ಪರೀಕ್ಷೆ ಮಾಡಿದರೆ ಅದರೊಳಗೆ ಕಣ್ಣಿಗೆ ಕಾಣದಂಥ ಜೀವಿಗಳು ಹಾವಿನ ಹಾಗೆ ಈಜುತ್ತಿದ್ದವಂತೆ. ಸರ್ರಾ ಅಂತ ಕಾಯಿಲೆಯ ಹೆಸರು. ದನ ಕಚ್ಚಿದ ನೊಣವೇ ಬಂದು ಚಿರತೆಯನ್ನೂ ಕಚ್ಚಿ ಅಂಟಿಸುತ್ತದಂತೆ. ಕುದುರೆ ನೊಣ ಅನ್ನುವ ಆ ದಪ್ಪ ನೊಣಕ್ಕೆ ಜಾತಿಭೇದವಿಲ್ಲ, ಕಾಡು-ಊರು ಎಂಬ ಭೇದವಿಲ್ಲ. ಸಿಕ್ಕಿದವರ ಜೊತೆಗೆಲ್ಲ ಅದಕ್ಕೆ ರಕ್ತಸಂಬಂಧ. ಸುತ್ತ ತೋಟದ ದನಕ್ಕೆಲ್ಲ ಇಂಜೆಕ್ಷನ್ ಹಾಕಿದ್ದೇನೆ, ಚಿರತೆಯೂ ಇಂಜೆಕ್ಷನ್ ಕೊಟ್ಟ ಮೇಲೆ ಗುಣವಾಗಿದೆ, ಬೋನಿನಲ್ಲಿದೆ ಎಂದಳು.

"ಅದಕ್ಕೇ ನೀಲಿ ಬಟ್ಟೆ ಬೇಕಪ್ಪಾ. ಒಳ್ಳೆ ಕಡುನೀಲಿ. ಅಂಗಡೀದು ಎರಡು ಬಿಸಿಲಿಗೇ ಬೆಳ್ಳಗಾಗ್ತದೆ. ಇದ್ದದ್ದನ್ನ ಆನೆ ಹರಿದು ಹಾಕ್ತು," ಎಂದಳು. ಅಳತೆ ಹೇಳಿದಳು. ಅಷ್ಟರಲ್ಲಿ ಬೆಟ್ಟ ಅಡ್ಡ ಬಂದು ಫೋನ್ ಸತ್ತಿತು.

ಶಣ್ಮುಗಂ ಕೂತು ಎಳೆಗೆ ಎಳೆ ಜೋಡಿಸಿದ. ನೊಣ ಕಚ್ಚಿ ಚಿರತೆಗೆ ಕಾಯಿಲೆ. ಅದಕ್ಕೇ ಬಟ್ಟೆ. ಅಂದರೆ ಹೊದಿಸುವುದಕ್ಕೆ! ಚಿರತೆಯ ಹೊದಿಕೆಯನ್ನು ಆನೆ ಯಾಕೆ ಹರಿಯಿತು ಅನ್ನುವುದೊಂದು ತಿಳಿಯಲಿಲ್ಲ. ಕಾಡಿನಲ್ಲೂ ನೆರೆಹೊರೆ ಸರಿಯಿರಲಿಕ್ಕಿಲ್ಲ ಅಂದುಕೊಂಡ.

ಹೆಂಡತಿ ರಾಜಾಮಣಿಗೆ ನಂಬಿಕೆ ಬರಲಿಲ್ಲ. ಚಿರತೆ ಆ ಮನೆಯವರ ಬಾಯಲ್ಲಿ ಸಿರುತ್ತೆ. "ಸಿರುತ್ತೆ ಎಂಗಾದ್ರೂ ಹೊದ್ಕೊಂಡು ಮಲಗ್ತದಾ?"

"ನೀನು ಹೊದ್ಕೊಳ್ಳಲ್ವಾ?" ಎಂದ ಶಣ್ಮುಗಂ. ಆ ದಿನ ಮಧ್ಯಾಹ್ನದ ಸಾಂಬಾರಿಗೆ ಉಪ್ಪು ಬೀಳಲಿಲ್ಲ.

ನೂಲಿಗೆ ತಾನೇ ಬಣ್ಣ ಹಾಕಿಸಿ ಮಗ್ಗಕ್ಕೆ ಏರಿಸಿದ. ನೆಯ್ಯುತ್ತ ನೆಯ್ಯುತ್ತ ಕೈ ತಾನಾಗಿ ಅಂಚಿಗೆ ಹೋಯಿತು. ಅಂಚಿಲ್ಲದ ಬಟ್ಟೆ ಹೆಣಕ್ಕೆ, ಬದುಕಿ ಬಂದ ಜೀವಕ್ಕೆ ಯಾರು ಕೊಡುತ್ತಾರೆ? ಬೆರಳಗಲದ ಜರಿ ಹಾಕಿದ. ಜರಿ ಅನ್ನುವುದು ಆ ಮನೆಯಲ್ಲಿ ಮೂರು ಕಡೆ ಇತ್ತು: ಸೀರೆಯ ಅಂಚಿನಲ್ಲಿ, ಬಚ್ಚಲ ಸಂದಿಯಲ್ಲಿ, ರಾಜಾಮಣಿಯ ನಾಲಿಗೆಯ ತುದಿಯಲ್ಲಿ. ಕಾಡಿನಲ್ಲಿ ಇದರ ಥಳಕು ನೋಡುವವರು ಯಾರು ಎಂದು ಅವಳು ಜರಿದದ್ದೇ ಜರಿದದ್ದು. ಅವನು ಕೇಳಿಸಿಕೊಳ್ಳಲಿಲ್ಲ. ಮುಗಿದ ಮೇಲೆ ಬಟ್ಟೆಯನ್ನು ಮನೆಯ ಪದ್ಧತಿಯಂತೆ ಮರದ ಪೆಟ್ಟಿಗೆಯಲ್ಲಿಟ್ಟ. ಕಾಯಿಲೆಯಿಂದ ಎದ್ದ ಜೀವ ಎಂದು ಮಾಮೂಲಿಗಿಂತ ಹೆಚ್ಚು ದಿನ ಇಟ್ಟ. ಆಮೇಲೆ ಪೊಳ್ಳಾಚಿ ಮೇಲೆ ಬಸ್ಸು ಹಿಡಿದು ಉಡುಮಲೈಗೆ ಹೋಗಿ, ಬಸ್‌ಸ್ಟ್ಯಾಂಡಿನಲ್ಲೇ ಮಗಳ ಕೈಗೆ ಕೊಟ್ಟು ಬಂದ. ಅವಳು ಅವಸರದಲ್ಲಿದ್ದಳು, ಬಿಚ್ಚಿಯೂ ನೋಡಲಿಲ್ಲ.

ಸ್ವಲ್ಪ ದಿನ ಕಳೆದು ನಿತ್ಯಾ ಅಮ್ಮನಿಗೆ ಫೋನ್ ಮಾಡಿದಳು. ರಾಜಾಮಣಿ ಫೋನಿಟ್ಟು ಬಂದು, ಒಂದು ನೊಣವೂ ಇಲ್ಲವಂತೆ, ಪಿಳ್ಳೆ ಅಳುತ್ತಿದೆ ಎಂದಳು. ಮಗಳು ಅವಳಿಗೆ ಇನ್ನೂ ಪಿಳ್ಳೆಯೇ.

ಶಣ್ಮುಗಂಗೆ ಎದೆ ತುಂಬಿ ಬಂತು. ಒಂದು ನೊಣವೂ ಇಲ್ಲ! ಆನಂದಬಾಷ್ಪ! ಬೀದಿಯ ಟೀ ಅಂಗಡಿಯಲ್ಲಿ ಕೂತಿದ್ದವರಿಗೆಲ್ಲ ಬಜ್ಜಿ ಕೊಡಿಸಿ, ತನ್ನ ಬಟ್ಟೆಯ ಹತ್ತಿರ ನೊಣ ಸುಳಿಯುವುದುಂಟೇ ಎಂದು ಮೀಸೆ ತಿರುವಿದ. ಮರುದಿನವೇ, ಹೊದ್ದು ಕೂತ ಚಿರತೆಯನ್ನು ಕಣ್ಣಾರೆ ನೋಡಿಬಿಡೋಣವೆಂದು, ಚಕ್ಕುಲಿಯ ಡಬ್ಬಿ ಹಿಡಿದು ಹೊರಟ.

ನಿತ್ಯಾ ಕೆಲಸ ಮಾಡುವ ಬಿಡಾರದಲ್ಲಿ ಚಿರತೆಯೇನೋ ಬೋನಿನಲ್ಲಿತ್ತು, ಆದರೆ ಹುಟ್ಟಿದ ಚರ್ಮದಲ್ಲೇ ಇತ್ತು. ಅವನ ಬಟ್ಟೆ ಕಾಣಲಿಲ್ಲ. ನಿತ್ಯಾ ಅವನನ್ನು ಜೀಪಿನಲ್ಲಿ ಕಾಡಂಚಿಗೆ ಕರೆದುಕೊಂಡು ಹೋದಳು. ಅಲ್ಲಿ ಅವನ ಕಡುನೀಲಿ ಬಟ್ಟೆಯನ್ನು ಕರಿ ಬಟ್ಟೆಯ ಜೊತೆ ಸೇರಿಸಿ, ಕಂಬಗಳ ನಡುವೆ ಗುಡಾರದಂತೆ ಕಟ್ಟಿ, ಮೇಲೆ ಸೊಳ್ಳೆಪರದೆಯ ಗೋಪುರ ಮಾಡಿದ್ದರು. ಪಕ್ಕದಲ್ಲಿ ಗೂಟಕ್ಕೆ ಕಟ್ಟಿದ ಒಂದು ಹಸು. ಕೆಳಗೆ ಹುಲ್ಲಿನ ಮೇಲೆ, ಕತ್ತರಿಸಿ ಬಿಸಾಕಿದ ಅವನ ಜರಿ ಅಂಚು.

ಅದು ನೊಣ ಹಿಡಿಯುವ ಬಲೆ. ಕುದುರೆ ನೊಣಕ್ಕೆ ದೂರದಿಂದ ಕಡುನೀಲಿ ಕಂಡರೆ ದನ ನಿಂತ ಹಾಗೆ ಕಾಣುತ್ತದಂತೆ. ಹಾರಿ ಬಂದು, ಬೆಳಕಿನತ್ತ ಏರಿ, ಪರದೆಯ ತುದಿಯಲ್ಲಿ ಸಿಕ್ಕಿಬೀಳುತ್ತದಂತೆ. ಹಾಗೆ ಹಿಡಿದ ನೊಣದ ಹೊಟ್ಟೆ ಬಗೆದು ನೋಡಿದರೆ ಈ ಜಾಗದಲ್ಲಿ ಕಾಯಿಲೆ ಇದೆಯೋ ಇಲ್ಲವೋ ಗೊತ್ತಾಗುತ್ತದಂತೆ. ಬಿದ್ದ ನೊಣ ಮಾತ್ರ ಸೊನ್ನೆ. ಜರಿಯ ಹೊಳಪಿಗೆ ಹೆದರುತ್ತಿರಬಹುದೆಂದು ಅಂಚು ಕತ್ತರಿಸಿದ್ದಳು. ಆಮೇಲೂ ಸೊನ್ನೆ.

ನಿತ್ಯಾಳ ಮೇಲಿನ ಡಾಕ್ಟರು ಪ್ರಭಾಕರನ್ ಅಲ್ಲೇ ಇದ್ದರು, ಮೆದು ಮಾತಿನ ಮನುಷ್ಯ. ಅವರು ಬಿಡಿಸಿ ಹೇಳಿದರು. ಸೊನ್ನೆ ಅಂದರೆ ನೊಣವಿಲ್ಲ ಅಂತಲ್ಲ, ನಮಗೇನೂ ಗೊತ್ತಿಲ್ಲ ಅಂತ. ಗೊತ್ತಿಲ್ಲದ ಜಾಗಕ್ಕೆ ಒಮ್ಮೆ ಕಾಯಿಲೆ ಬಿದ್ದ ಚಿರತೆಯನ್ನು ಬಿಡುವಂತಿಲ್ಲ. ಮತ್ತೆ ಬಂದರೆ ಉಳಿಯಲಾರದು. ಮುಂದಿನ ಶುಕ್ರವಾರ ಸಮಿತಿ ಕೂರುತ್ತದೆ. ಅಷ್ಟರಲ್ಲಿ ಉತ್ತರ ಸಿಗದಿದ್ದರೆ ಅದು ಜೀವ ಇರುವವರೆಗೆ ಮೃಗಾಲಯದ ಪಾಲು. ಬಾವಿಗೆ ಬಿದ್ದದ್ದೇ ತಪ್ಪು ಅಂತ ಜೀವಾವಧಿ.

ಶಣ್ಮುಗಂನ ಕಣ್ಣು ಹಸುವಿನ ಮೇಲಿತ್ತು. ಅದರ ಎಡಮಗ್ಗುಲಿನ ತುಂಬ ನೊಣ, ಬಾಲ ಬೀಸಿ ಬೀಸಿ ಸಾಕಾಗಿತ್ತು. ಬಲೆಯ ಕಡೆಗಿದ್ದ ಬಲಮಗ್ಗುಲಿನಲ್ಲಿ ಒಂದೂ ಇಲ್ಲ. ಅವನು ನೋಡುತ್ತಿದ್ದ ಹಾಗೇ ಹಸು ಹಗ್ಗ ಎಳೆದು, ತಿರುಗಿ, ತನ್ನ ಎಡಮಗ್ಗುಲನ್ನು ಆ ನೀಲಿ ಬಟ್ಟೆಗೆ ಒತ್ತಿ ಹಿತವಾಗಿ ಉಜ್ಜಿಕೊಂಡಿತು. ನೊಣಗಳೆಲ್ಲ ಜುಂಯ್ ಎಂದು ಎದ್ದು ಬಲಕ್ಕೆ ಹಾರಿದವು.

ಅವನು ಬಟ್ಟೆಯ ಒಂದು ತುದಿ ಹಿಡಿದ.

"ಅಮ್ಮಣೀ," ಎಂದ ಮಗಳಿಗೆ ಮೆಲ್ಲಗೆ, "ಇದನ್ನ ವಸಂಬು ಪೆಟ್ಟೀಲಿ ಇಟ್ಟಿದ್ದೆ."

ವಸಂಬು ಅಂದರೆ ಬಜೆ ಬೇರು. ಶಣ್ಮುಗಂನ ಮನೆಯಲ್ಲಿ ಯಾವ ಬಟ್ಟೆಯೂ ನೆಟ್ಟಗೆ ಮಗ್ಗದಿಂದ ಹೊಸಿಲು ದಾಟಿದ್ದಿಲ್ಲ. ಬೇವಿನೆಣ್ಣೆ ಕುಡಿದ ಪೆಟ್ಟಿಗೆಯಲ್ಲಿ, ಬಜೆ ಬೇರು ಮತ್ತು ಒಣ ಹೊಗೆಸೊಪ್ಪಿನ ಗಂಟುಗಳ ನಡುವೆ ಮಲಗಿ ಎದ್ದ ಮೇಲೇ ಅದು ಬಟ್ಟೆ. ಅಲ್ಲಿಯವರೆಗೆ ಬರೀ ನೂಲು. ಹುಳ ಅದರ ಗಾಳಿಗೂ ನಿಲ್ಲುವುದಿಲ್ಲ.

ನಿತ್ಯಾ ಬಟ್ಟೆಯನ್ನು ಮೂಗಿಗೆ ಹಿಡಿದಳು. ಅವಳಿಗೆ ಏನೂ ನಾರಲಿಲ್ಲ. ಹುಟ್ಟಿದಾಗಿನಿಂದ ಅವಳು ಹೊದ್ದದ್ದು, ಉಟ್ಟದ್ದು, ಮೂಗೊರೆಸಿಕೊಂಡದ್ದು ಎಲ್ಲ ಇದೇ ವಾಸನೆ. ನೇಕಾರರ ಮನೆಯ ಮಗುವಿಗೆ ಹೊಸ ಬಟ್ಟೆ ಅಂದರೆ ಇರುವುದೇ ಹೀಗೆ. ಪ್ರಭಾಕರನ್ ಕೆಮ್ಮಿದರು. ಮೊದಲ ದಿನವೇ ನನಗೆ ತಲೆ ಸುತ್ತಿತ್ತು, ಕೈಮಗ್ಗದ ಪರಿಮಳ ಇರಬೇಕು, ಏನಾದರೂ ಅಂದರೆ ನಿಮಗೆ ಬೇಜಾರಾದೀತು ಅಂತ ಸುಮ್ಮನಿದ್ದೆ ಎಂದರು. ಹೀಗೆ ಒಬ್ಬರ ಪ್ರೀತಿ, ಒಬ್ಬರ ಅಭ್ಯಾಸ, ಒಬ್ಬರ ಮರ್ಯಾದೆ, ಮೂರೂ ಸೇರಿ ಒಂದು ಚಿರತೆಯನ್ನು ಜೈಲಿಗೆ ಕಳಿಸುವುದರಲ್ಲಿದ್ದವು.

"ಹೊದಿಸೋಕೆ ಅಂದ್ಕೊಂಡ್ಯಾ ಅಪ್ಪಾ? ಸಿರುತ್ತೆಗೆ?" ನಿತ್ಯಾಗೆ ಅಳುವುದೋ ನಗುವುದೋ ತಿಳಿಯಲಿಲ್ಲ.

"ನೀನು ಹೇಳ್ಬೇಕಲ್ವಾ ಹುಳ-ಪೂಚಿ ಹಿಡಿಯೋಕೆ ಅಂತ."

"ಹೇಳಿದ್ರೆ ನೆಯ್ತಿದ್ಯಾ?"

ಶಣ್ಮುಗಂ ಯೋಚಿಸಿದ. "ಇಲ್ಲೆ," ಎಂದ.

ಹೊಸದಾಗಿ ನೆಯ್ಯಲು ಸಮಯವಿರಲಿಲ್ಲ. ಬಟ್ಟೆ ಬಿಚ್ಚಿಸಿಕೊಂಡು ಶಣ್ಮುಗಂ ತಾನೇ ಕಾಲುವೆಗೆ ಇಳಿದ. ಅಂಟುವಾಳದ ನೊರೆಯಲ್ಲಿ ಅದ್ದಿ ತುಳಿದ, ಬಿಸಿನೀರಲ್ಲಿ ಅದ್ದಿ ತುಳಿದ, ಮತ್ತೆ ಅಂಟುವಾಳ. ಬಣ್ಣ ಅವನದ್ದು, ಒಂದು ಹನಿ ಬಿಡಲಿಲ್ಲ. ಬಜೆಯೂ ಅವನದ್ದೇ, ಅದೂ ಸುಲಭಕ್ಕೆ ಬಿಡಲಿಲ್ಲ. ತನ್ನ ಕಸುಬಿನ ಗಟ್ಟಿತನವನ್ನು ಬೈದುಕೊಂಡು ಹೀಗೆ ಬಟ್ಟೆ ತುಳಿದ ನೇಕಾರ ಆ ವಂಶದಲ್ಲಿ ಇವನೇ ಮೊದಲಿರಬೇಕು. ಪ್ರಭಾಕರನ್ ಮೂಸಿ ನೋಡಿ ತಲೆಯಾಡಿಸುವವರೆಗೂ ತುಳಿದ. ಅಷ್ಟಕ್ಕೇ ಮುಗಿಯಲಿಲ್ಲ. ಕುದುರೆ ನೊಣವನ್ನು ಕರೆಯಲು ಹಸುವಿನ ಹಳಸಿದ ಗಂಜಲಕ್ಕಿಂತ ಒಳ್ಳೆಯದಿಲ್ಲವೆಂದು ನಿತ್ಯಾ ಒಂದು ಕೊಡ ತಂದಿಟ್ಟಳು. ಹುಳ ದೂರವಿರಲಿ ಎಂದು ಬದುಕಿಡೀ ಬಟ್ಟೆಗೆ ಪರಿಮಳ ಹಾಕಿದವನು, ಹುಳ ಬರಲಿ ಎಂದು ತನ್ನ ಕೈಯಾರೆ ಬಲೆಯ ಬುಡದಲ್ಲಿ ಆ ಕೊಡ ಇಟ್ಟು, ಮುಖ ತಿರುಗಿಸಿ ನಿಂತ.

ಬಿಸಿಲೇರಿತು. ಮೊದಲ ನೊಣ ಬಂತು. ಸುತ್ತು ಹಾಕಿತು. ಹೋಯಿತು. ಮತ್ತೆ ಬಂತು, ನೀಲಿಯ ಮೇಲೆ ಕೂತಿತು, ಮೇಲೇರಿತು, ಪರದೆಯ ತುದಿಯ ಸೀಸೆಯೊಳಗೆ ಬಿತ್ತು. ಅದರ ಹಿಂದೆ ಇನ್ನೊಂದು. ಆಮೇಲೆ ಮದುವೆ ಊಟಕ್ಕೆ ಬಂದ ಹಾಗೆ ಬಂದವು.

"ವಾ ಸಾಮಿ, ವಾ," ಎಂದು ಕರೆಯುತ್ತಿದ್ದ ಶಣ್ಮುಗಂ ಪ್ರತಿಯೊಂದನ್ನೂ. ಹುಳುಕು ಹುಡುಕುವವರಿಗೆ ಕೊನೆಗೂ ಹುಳ ಸಿಕ್ಕಿತ್ತು.

ನೊಣಗಳನ್ನು ಐಸ್ ಡಬ್ಬಿಯಲ್ಲಿಟ್ಟು ಅಪ್ಪ-ಮಗಳು ಕೋಯಮತ್ತೂರಿನ ಬಸ್ಸು ಹತ್ತಿದರು. ಅಲ್ಲಿಯ ಉಕ್ಕಡಂ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ, ಬುಟ್ಟಿ ಹಿಡಿದು ಮೀನು ಮಾರ್ಕೆಟ್ಟಿಗೆ ಹೊರಟಿದ್ದ ಪಳನಿಯಮ್ಮ ಎಂಬಾಕೆ ಡಬ್ಬಿ ನೋಡಿ, ಯಾವ ಮೀನು, ಹೇಗೆ ಕೊಡ್ತೀರಿ ಎಂದು ವಿಚಾರಿಸಿದಳು. ನೊಣ ಎಂದ ಶಣ್ಮುಗಂ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಊರೆಲ್ಲ ಮೀನಿಗೆ ಐಸ್ ಹಾಕಿ ನೊಣ ಓಡಿಸುತ್ತಿದ್ದರೆ, ನೊಣಕ್ಕೇ ಐಸ್ ಹಾಕಿ ತಂದವರನ್ನು ಅವಳು ಅದೇ ಮೊದಲು ಕಂಡದ್ದು.

ಪ್ರಯೋಗಶಾಲೆಯಲ್ಲಿ ಡಬ್ಬಿ ಒಳಗೆ ಹೋಯಿತು. ಶಣ್ಮುಗಂ ನೆಗಮಂಗೆ ವಾಪಸಾದ, ಆದರೆ ಮಗ್ಗಕ್ಕೆ ಕೂರಲಾಗಲಿಲ್ಲ. ನೊಣ ಬೀಳದೆ ಇದ್ದರೆ ಒಂದು ಚಿಂತೆ. ಈಗ ಬಿದ್ದ ನೊಣದಲ್ಲಿ ಕಾಯಿಲೆ ಇದ್ದರೆ? ತನ್ನ ಬಟ್ಟೆಯೇ ಸಾಕ್ಷಿ ಹೇಳಿ ಚಿರತೆಯನ್ನು ಒಳಗೆ ಹಾಕಿಸಿದಂತಾಗುತ್ತದಲ್ಲ. ಟೀ ಅಂಗಡಿಯವರು ಚಿರತೆಯ ಹೊದಿಕೆ ಏನಾಯಿತೆಂದು ಕೇಳಿದರೆ, ಒಗೆಯಲು ಹಾಕಿದೆ ಎಂದ. ಅದೇನೂ ಸುಳ್ಳಲ್ಲ.

ಗುರುವಾರ ಮಧ್ಯಾಹ್ನ ಫೋನ್ ಬಂತು. ರಾಜಾಮಣಿ ಕೊಟ್ಟರೂ ಅವನು ತೆಗೆದುಕೊಳ್ಳಲಿಲ್ಲ, ನೀನೇ ಕೇಳು ಎಂದ. ಅವಳು ಕೇಳಿಸಿಕೊಂಡಳು. ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ಆ ಮುಖವೇ ಹಾಗೆ.

"ಒಂದು ನೊಣದಲ್ಲೂ ಇಲ್ಲವಂತೆ," ಎಂದಳು.

"ಏನಿಲ್ಲ? ಸರಿಯಾಗಿ ಕೇಳು."

"ಕಾಯಿಲೆ. ಕಾಯಿಲೆ ಇಲ್ಲವಂತೆ. ಸುತ್ತ ತೋಟದ ದನಕ್ಕೆಲ್ಲ ಪಿಳ್ಳೆ ಊಸಿ ಚುಚ್ಚಿತ್ತಲ್ಲ, ಅದಕ್ಕೇ ಅಂತೆ. ಸಿರುತ್ತೆನ ಬಿಡ್ತಾರಂತೆ."

ಶಣ್ಮುಗಂ ಪಡಸಾಲೆಯಲ್ಲಿ ಕಾಲು ಚಾಚಿ ಕೂತ. ಹೆಗಲ ಮೇಲಿದ್ದ ಟವೆಲ್ಲಿನಿಂದ ಮುಖ ಒರೆಸಿಕೊಂಡ, ಒರೆಸಿಕೊಳ್ಳುತ್ತಲೇ ಇದ್ದ. ರಾಜಾಮಣಿ ಒಂದು ಲೋಟ ಮಜ್ಜಿಗೆ ತಂದಿಟ್ಟಳು. ಉಪ್ಪು ಸರಿಯಾಗಿತ್ತು.

ಸಮಿತಿ ಒಪ್ಪಿತು. ಬಿಡುವ ದಿನ ಸಂಜೆ, ಬಿಸಿಲು ಇಳಿಯುವ ಹೊತ್ತಿಗೆ, ಅವನು ಜೀಪಿನೊಳಗೆ ನಿತ್ಯಾಳ ಪಕ್ಕ ಮುದುರಿ ಕೂತಿದ್ದ. ಬೋನಿನ ಬಾಗಿಲನ್ನು ಹಗ್ಗದಿಂದ ಎತ್ತಿದರು. ಚಿರತೆ ಬರಲಿಲ್ಲ. ಕೂತಲ್ಲೇ ಕೂತು ಹೊರಗೆ ನೋಡಿತು, ಒಳ್ಳೆಯದರಲ್ಲಿ ಏನೋ ಮೋಸವಿರಬೇಕು ಅನ್ನುವ ಹಾಗೆ. ಆಮೇಲೆ ಒಂದು ಕಾಲು. ಇನ್ನೊಂದು. ಹೊರಗೆ ಬಂದು ಮೈ ಮುರಿಯಿತು. ಪೊದೆಯ ಹತ್ತಿರ ಹೋಗಿ ಒಂದು ಗಳಿಗೆ ನಿಂತಿತು. ಬಿಸಿಲಿನ ಚುಕ್ಕೆ ಯಾವುದು, ಮೈಯ ಚುಕ್ಕೆ ಯಾವುದು ಎಂದು ಶಣ್ಮುಗಂ ಬೇರೆ ಮಾಡುವಷ್ಟರಲ್ಲಿ ಅಲ್ಲಿ ಬಿಸಿಲು ಮಾತ್ರ ಉಳಿದಿತ್ತು.

ಇಂಥ ನೇಯ್ಗೆ ತನ್ನ ಕೈಲಾಗುವುದಿಲ್ಲ ಅನ್ನಿಸಿತು ಅವನಿಗೆ. ಹೊಟ್ಟೆಕಿಚ್ಚಾಗಲಿಲ್ಲ.

ಬಿಡಾರಕ್ಕೆ ಬಂದ ಕೂಡಲೆ ರಾಜಾಮಣಿಗೆ ಫೋನ್ ಮಾಡಿದ. ಮನೆಗೆ ಬಂದ ನೆಂಟರು ಹೊರಟಾಗ ಕೇಳುವಂತೆಯೇ ಕೇಳಿದಳು ಅವಳು. "ಹೋಗಿಬರ್ತೀನಿ ಅಂತಾ?"

"ತಿರುಗೂ ನೋಡ್ಲಿಲ್ಲೆ."

"ನೀನೇನಂದೆ?"

"ಯಾರಿಗಾದ್ರೂ ಹೋಗಿ ಬಾ ಅಂತಾನೇ ಅಲ್ವಾ ಹೇಳೋದು ನಾವು," ಎಂದ ಶಣ್ಮುಗಂ. "ಇದಕ್ಕೆ ಮಾತ್ರ, ಹೋಗು ತಾಯೀ, ಬರಬೇಡ ಅಂದೆ."