ಬ್ಯಾಚ್ ನಂಬರು ಕೇಳುವ ಕಾಂಪೌಂಡರು

ಐಸ್ ಪೆಟ್ಟಿಗೆಯನ್ನು ಸೊಂಟಕ್ಕೆ ಒತ್ತಿಕೊಂಡೇ ಯಮುನಮ್ಮ ಜನರ ನಡುವೆ ನುಗ್ಗಿದಳು. ಅಂಗಳದಲ್ಲಿ ಚಟ್ಟ ಕಟ್ಟುತ್ತಿದ್ದರು. ಜಗಲಿಯ ಮೇಲೆ ಕೆರಿಯಪ್ಪ ಕಾಂಪೌಂಡರನ್ನು ಮಲಗಿಸಿದ್ದರು. ಇದೇ ಹೊಸನಗರದ ಆಸ್ಪತ್ರೆಯಲ್ಲಿ ಅವಳಿಗೆ ನರ್ಸ್ ಕೆಲಸದ ಒಳಹೊರಗನ್ನೆಲ್ಲ ಕಲಿಸಿದವರು. ಅವರು ತೀರಿಕೊಂಡ ಸುದ್ದಿಯನ್ನು ಸಾಗರದಿಂದ ಬರುವಾಗ ಬಸ್ಸಿನ ಕಂಡಕ್ಟರು ಹೇಳಿದ್ದ. ಅತ್ತ ಅವಳೀಗ ಕೆಲಸ ಮಾಡುವ ಅರಳಸುರಳಿಯಲ್ಲಿ, ಹುಚ್ಚುನಾಯಿ ಕಚ್ಚಿದ ಮಗುವೊಂದು ಈ ಪೆಟ್ಟಿಗೆಯ ಲಸಿಕೆಗೆ ಕಾಯುತ್ತಿತ್ತು. ಅಲ್ಲಿಗೆ ಹೋಗುವ ತೀರ್ಥಹಳ್ಳಿ ಬಸ್ಸು ಹನ್ನೆರಡಕ್ಕೆ. ಆಗಲೇ ಹನ್ನೊಂದು ಹೊಡೆದಿತ್ತು.

"ಪೆಟ್ಟಿಗೆ ಕೆಳಗಿಡೇ ಮಾರಾಯ್ತಿ, ಯಾರೂ ಹೊತ್ಕಂಡು ಹೋಗಲ್ಲ," ಎಂದರು ಆಸ್ಪತ್ರೆಯ ಗುಮಾಸ್ತ ನಾಗರಾಜಪ್ಪ.

ಅವಳು ಇಡಲಿಲ್ಲ. ಕೂರಲೂ ಇಲ್ಲ.

"ನಾಕು ಸಲ ಎತ್ತಂಗಡಿ ಮಾಡ್ಸಿದ್ರು ಇವ್ರನ್ನ," ನಾಗರಾಜಪ್ಪ ಪಕ್ಕದವರಿಗೆ ಹೇಳಿದರು. "ಬಂದ ಔಷಧಿ ಸುಮ್ನೆ ಚುಚ್ಚಿದ್ರೆ ಎಂತ ಆಗ್ತಿತ್ತು?"

"ನನ್ನ ಮಗಳು ಸಾಯ್ತಿದ್ಲು," ಎಂದ ಕಂಬಕ್ಕೊರಗಿ ನಿಂತಿದ್ದ ಹುಲಿಯಪ್ಪ.

*

ಏಳು ವರ್ಷದ ಹಿಂದೆ, ಎಪ್ಪತ್ತೆಂಟರಲ್ಲಿ, ಇದೇ ಹುಲಿಯಪ್ಪ ನಾಯಿ ಕಚ್ಚಿದ ಮಗಳನ್ನು ಹೆಗಲ ಮೇಲೆ ಹೊತ್ತು ಆಸ್ಪತ್ರೆಗೆ ತಂದಿದ್ದ. ಕೆರಿಯಪ್ಪ ಲಸಿಕೆಯ ಸೀಸೆಯನ್ನು ಭೂತಗನ್ನಡಿಯಲ್ಲಿ ತಿರುಗಿಸಿ ತಿರುಗಿಸಿ ನೋಡಿ ಕೆಳಗಿಟ್ಟುಬಿಟ್ಟರು. ಮುಚ್ಚಳದ ಅಂಚಿನಲ್ಲಿ, ಒಮ್ಮೆ ತೆಗೆದು ಮತ್ತೆ ಮುಚ್ಚಿದಂತೆ, ಎರಡು ಸಲ ಅದುಮಿದ ಗುರುತಿತ್ತು.

"ಔಷಧಿ ಕೈಯಲ್ಲಿಟ್ಕಂಡು ಹಾಕಲ್ಲ ಅಂತೀಯಾ?" ಹುಲಿಯಪ್ಪ ಅವರ ಕೊರಳಪಟ್ಟಿ ಹಿಡಿದ.

"ಹೊಡಿ ಬೇಕಾದ್ರೆ. ವಿಚಾರಿಸ್ದೆ ಹಾಕಲ್ಲ."

ಅಂಚೆಕಚೇರಿಗೆ ಓಡಿ, ಲಸಿಕೆ ತಯಾರಿಸುವವರಿಗೆ ಟ್ರಂಕ್ ಕಾಲ್ ಬುಕ್ ಮಾಡಿದರು. ಲೈನು ಸಿಗುವ ಹೊತ್ತಿಗೆ ಮೂರು ಗಂಟೆಯಾಯಿತು. ಸೀಸೆಯ ಮೇಲಿದ್ದ ನಂಬರಿನ ಬ್ಯಾಚು ಎರಡು ವರ್ಷದ ಹಿಂದೆಯೇ ಬಳಸಿ ಮುಗಿದಿತ್ತಂತೆ. ಯಾರೋ ಖಾಲಿ ಸೀಸೆ ಆಯ್ದು, ಏನೋ ನೀರು ತುಂಬಿ, ಮುಚ್ಚಿ ಮಾರಿದ್ದರು. ಕೆರಿಯಪ್ಪ ಅಂದೇ ಅಪ್ಪ ಮಗಳನ್ನು ಶಿವಮೊಗ್ಗಕ್ಕೆ ಕರೆದೊಯ್ದು ಅಸಲಿ ಲಸಿಕೆ ಹಾಕಿಸಿದರು. ಹುಡುಗಿ ಉಳಿದಳು.

ಆದರೆ ಅದೇ ಸರಕಿನ ಸೀಸೆಗಳನ್ನು ಹಿಂದಿನ ತಿಂಗಳು ಅವರೇ ಮೇಗರವಳ್ಳಿಗೆ ಕಳಿಸಿದ್ದರು, ನೋಡದೆ. ಅಲ್ಲಿ ಮೂಕಮ್ಮನೆಂಬ ಹೆಂಗಸು ಹದಿನಾಲ್ಕೂ ಸೂಜಿಯನ್ನು ಹೊಟ್ಟೆಗೆ ಚುಚ್ಚಿಸಿಕೊಂಡು, ಬದುಕಿದೆನೆಂದು ನಂಬಿ, ಕೊನೆಗೆ ನೀರು ಕಂಡರೆ ಕಿರುಚುತ್ತ ಸತ್ತಳು.

ಆಮೇಲೆ ಕೆರಿಯಪ್ಪ ನೆಮ್ಮದಿಯಾಗಿ ಕೂತದ್ದನ್ನು ಯಮುನಮ್ಮ ಕಾಣಲಿಲ್ಲ. ಪೆಟ್ಟಿಗೆ ಬಂದಾಗಲೆಲ್ಲ ಅಂಚೆಕಚೇರಿಗೆ ಓಟ. ಖಾಲಿಯಾದ ಸೀಸೆಯನ್ನೆಲ್ಲ ಹಿತ್ತಲಲ್ಲಿ ಕಲ್ಲಿನಿಂದ ಜಜ್ಜಿ ಹೂಳುವುದು. ಸರಕು ಪೂರೈಸುವವನಿಗೆ ಮೇಲಿನವರ ಪರಿಚಯವಿತ್ತು; ತಕರಾರೆತ್ತಿದಾಗಲೆಲ್ಲ ಕೆರಿಯಪ್ಪನಿಗೆ ಎತ್ತಂಗಡಿ. ಎತ್ತಂಗಡಿಯಾದಲ್ಲೆಲ್ಲ ಇವರು ಮೊದಲು ಕೇಳುತ್ತಿದ್ದುದು ಫೋನು ಎಲ್ಲಿದೆ ಎಂದು.

*

ಕೆರಿಯಪ್ಪನ ಹೆಂಡತಿ ಹೂವಮ್ಮ ಗಂಡನ ತಲೆಯ ಬಳಿಯಿಂದ ಎದ್ದು ಬಂದು ಪೆಟ್ಟಿಗೆಯ ಮೇಲೆ ಕೈಯಿಟ್ಟಳು.

"ಇದ್ರ ನಂಬರು ಕೇಳಿದ್ಯನೆ?"

"ಸಾಗರದಲ್ಲಿ ಲೈನೇ ಸಿಗ್ಲಿಲ್ಲ ಅಕ್ಕ. ಮಣ್ಣು ಮುಗಿಸ್ಕಂಡು..."

"ಅವ್ರನ್ನ ಹೊರೋಕೆ ಜನ ಇದಾರೆ." ಹೂವಮ್ಮ ಅವಳ ಭುಜ ಹಿಡಿದು ತಿರುಗಿಸಿದಳು. "ನೀನು ಹೋಗು. ಈಗಲೇ ಹೋಗು."

ಯಮುನಮ್ಮ ಹೆಣದ ಕಾಲು ಮುಟ್ಟಿ ಹೊರಗೋಡಿದಳು.

ಅಂಚೆಕಚೇರಿಯ ಗಡಿಯಾರ ಹನ್ನೆರಡಕ್ಕೆ ಹತ್ತು ನಿಮಿಷ ತೋರಿಸುವಾಗ ಲೈನು ಸಿಕ್ಕಿತು. ಕೊರಕೊರ ಸದ್ದಿನ ನಡುವೆ ಅವಳು ಒಂದೊಂದೇ ಅಂಕೆಯನ್ನು ಕೂಗಿ ಹೇಳಿದಳು. ಅತ್ತಲಿನ ಗಂಡಸು, "ಇರಿ, ಪುಸ್ತಕ ನೋಡ್ತೀನಿ," ಎಂದ.

ಕಿಟಕಿಯಾಚೆ ಜಾಗಟೆಯ ಸದ್ದು ಹತ್ತಿರವಾಯಿತು. ಹುಲಿಯಪ್ಪ ಮುಂದುಗಡೆ ಹೆಗಲು ಕೊಟ್ಟಿದ್ದ. ಅವಳಿಗೆ ಕೈ ಮುಗಿಯಬೇಕೆನಿಸಿತು. ಒಂದು ಕೈಯಲ್ಲಿ ರಿಸೀವರ್, ಇನ್ನೊಂದರಲ್ಲಿ ಸೀಸೆ. ತಲೆ ಬಗ್ಗಿಸಿದಳು. ಚಟ್ಟ ದಾಟಿಹೋಯಿತು.

"ಹಲೋ, ಇದೀರಾ? ಸರಿ ಇದೆ. ನಮ್ಮದೇ ಬ್ಯಾಚು. ಹಾಕಬಹುದು."

ಸ್ಟ್ಯಾಂಡಿನಲ್ಲಿ ತೀರ್ಥಹಳ್ಳಿ ಬಸ್ಸು ಹಾರ್ನು ಹೊಡೆಯಿತು. ಮೆರವಣಿಗೆ ಸ್ಮಶಾನದ ಕಡೆ ತಿರುಗಿತ್ತು. ಯಮುನಮ್ಮ ಪೆಟ್ಟಿಗೆಯನ್ನು ಎದೆಗವಚಿಕೊಂಡು, ರಸ್ತೆಯುದ್ದಕ್ಕೂ ಎರಚಿದ ಮಂಡಕ್ಕಿಯನ್ನು ಚಪ್ಪಲಿಯಡಿ ಪುಡಿ ಮಾಡುತ್ತ, ಎದುರು ದಿಕ್ಕಿಗೆ ಓಡಿದಳು.