ಬಾಯಿ ಕಟ್ಟಿಸಿಕೊಂಡ ಕಂಪ್ಯೂಟರು

ಡಾಕ್ಟರು ಸ್ವಿಚ್ಚು ಒತ್ತಿದೊಡನೆ ಕಂಪ್ಯೂಟರಿನ ಪೆಟ್ಟಿಗೆಯೊಳಗಿಂದ ಕರಕರ ಸದ್ದು ಬಂತು. ನಾನು ಬಟ್ಟೆ ಹೊಲಿಯುವವಳು. ಎಣ್ಣೆ ಕಾಣದ ಮಿಷನ್ನಿನಲ್ಲಿ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದರೆ ಹೇಗಿರುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಪಕ್ಕದಲ್ಲಿ ಕೂತಿದ್ದ ತಮ್ಮ ನನ್ನ ಮುಖ ನೋಡಿದ. ನಾನು ಹೆಬ್ಬೆರಳೆತ್ತಿ ನಕ್ಕೆ. ಅವನಿಗೆ ಆ ಸದ್ದು ಕೇಳಿಸುವಂತಿರಲಿಲ್ಲ.

ಚಿಕ್ಕಂದಿನಲ್ಲಿ ಜ್ವರ ಬಂದು ಅವನ ಕಿವಿ ಹೋಗಿತ್ತು. ಈ ಕಿವಿ ಡಾಕ್ಟರೇ ಆಗ ಅವನ ತಲೆಯ ಮೂಳೆಯೊಳಗೆ ಒಂದು ಪುಟ್ಟ ಯಂತ್ರ ಕೂರಿಸಿದ್ದರು. ಅದಕ್ಕೆ ಶಬ್ದ ಕಳಿಸುವ ಇನ್ನೊಂದು ಯಂತ್ರ ಕಿವಿಯ ಹಿಂದೆ. ಹೊರಗಿನದು ಈಚೆಗೆ ಕೆಟ್ಟು ಕೂತಿತು. ಅದೇ ಮಾದರಿಯದನ್ನು ಊರೆಲ್ಲ ಹುಡುಕಿ ತಂದೆವು, ಆದರೆ ಅದು ಖಾಲಿ. ತಮ್ಮನ ಕಿವಿಯ ಅಳತೆ ತುಂಬಿಸಿದರಷ್ಟೇ ಅದು ಕೆಲಸ ಮಾಡುವುದು. ಆ ಅಳತೆ ಇದ್ದದ್ದು ಡಾಕ್ಟರ ಈ ಹಳೆಯ ಕಂಪ್ಯೂಟರಿನಲ್ಲಿ ಮಾತ್ರ, ತುಂಬಿಸಲು ಬರುತ್ತಿದ್ದದ್ದೂ ಇದಕ್ಕೆ ಮಾತ್ರ. ಒಳಗಿನದನ್ನೇ ಬದಲಿಸಲು ಮತ್ತೆ ತಲೆ ಕೊಯ್ದರೆ ಮೂಳೆ ತಡೆಯುವುದಿಲ್ಲವೆಂದು ದೊಡ್ಡಾಸ್ಪತ್ರೆಯವರು ಕೈಚೆಲ್ಲಿದ್ದರು. ಮೊನ್ನೆ ರಸ್ತೆಯಲ್ಲಿ ಲಾರಿಯವನು ಬೆನ್ನ ಹಿಂದೆಯೇ ಹಾರ್ನು ಬಾರಿಸಿದರೂ ಇವನು ತನ್ನ ಪಾಡಿಗೆ ನಡೆಯುತ್ತಿದ್ದ. ನಾನು ಅಂಗಿ ಹಿಡಿದು ಎಳೆದದ್ದರಿಂದ ಉಳಿದ. ಆಮೇಲೆ ಇವತ್ತಿನವರೆಗೂ ಅವನು ಹೊಸಿಲು ದಾಟಿರಲಿಲ್ಲ.

ಡಾಕ್ಟರು ಕೆಲಸ ಬಿಟ್ಟು ವರ್ಷಗಳಾಗಿದ್ದವು. ಕಂಪ್ಯೂಟರು ಅವರ ಮನೆಯ ಹಿಂದಿನ ಕೋಣೆಯಲ್ಲಿ, ಮುರಿದ ಕುರ್ಚಿಗಳ ನಡುವೆ ಬಟ್ಟೆ ಹೊದ್ದು ಕೂತಿತ್ತು. ಒಳಗಿನ ಬ್ಯಾಟರಿ ಸತ್ತಿದ್ದರಿಂದ ಅದಕ್ಕೆ ಎಲ್ಲವೂ ಮರೆತುಹೋಗಿತ್ತು. ಅಳತೆಗಳನ್ನೆಲ್ಲ ಬರೆದಿಟ್ಟ ಡಿಸ್ಕೊಂದು ತನ್ನ ಹೊಟ್ಟೆಯಲ್ಲೇ ತಿರುಗುತ್ತಿದೆ ಎಂಬುದೂ. ಸೆಟ್ಟಿಂಗ್ಸಿಗೆ ಹೋಗಿ ನೆನಪಿಸಬೇಕು, ಅದಕ್ಕೆ ಇಂಥ ಕೀ ಒತ್ತಿ ಎಂದು ತೆರೆಯ ಮೇಲೆ ಬರೆದು ಬಂತು. ಡಾಕ್ಟರು ಒತ್ತಿದರು. ಏನೂ ಆಗಲಿಲ್ಲ. ಅಕ್ಕಪಕ್ಕದ ಕೀಗಳನ್ನೂ ಒಂದೊಂದಾಗಿ ಒತ್ತಿದರು. ಅದು ಕಲ್ಲಿನ ಹಾಗೆ ಕೂತೇ ಇತ್ತು, ಡಿಸ್ಕು ಮಾತ್ರ ಕರಕರ ಎನ್ನುತ್ತಿತ್ತು.

ಆಫ್ ಮಾಡಿ ನೋಡೋಣವೇ ಎಂದು ಕೇಳಿದೆ. ಡಾಕ್ಟರು ನನ್ನ ಕೈ ತಡೆದರು.

"ಒಂದ್ಸಲ ನಿಂತ್ರೆ ಆ ಡಿಸ್ಕು ಮತ್ತೆ ತಿರುಗುತ್ತೆ ಅಂತ ನಾನು ಹೇಳಲ್ಲಮ್ಮ."

ಹಾಗಾಗಿ ರೀಸೆಟ್ ಗುಂಡಿಯೊಂದೇ ಗತಿ. ಅದನ್ನು ಒತ್ತಿದರೆ ಕಂಪ್ಯೂಟರು ಮೊದಲಿಂದ ಶುರುವಾಗುತ್ತದೆ, ಡಿಸ್ಕು ನಿಲ್ಲುವುದಿಲ್ಲ. ಆದರೆ ಅದನ್ನು ಮಾಡಿದ ಪುಣ್ಯಾತ್ಮ ಆಫ್ ಮಾಡುವ ಗುಂಡಿಯನ್ನೂ ಅದರ ಮಗ್ಗುಲಲ್ಲೇ, ಅದೇ ಅಳತೆಯಲ್ಲಿ ಇಟ್ಟಿದ್ದ. ಡಾಕ್ಟರ ನಡುಗುವ ಬೆರಳು ಅತ್ತ ಹೋದಾಗಲೆಲ್ಲ ನಾನು ಆಫ್ ಗುಂಡಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದೆ. ತಮ್ಮ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು, ತಿರುಗುತ್ತಿದೆ ಎಂದು ಸನ್ನೆ ಮಾಡಿ ಖುಷಿಪಟ್ಟ. ನಾನು ಮತ್ತೆ ಹೆಬ್ಬೆರಳೆತ್ತಿದೆ. ಸದ್ದು ಮೊದಲಿಗಿಂತ ಒರಟಾಗಿತ್ತು.

ಎಷ್ಟು ಸಲ ಮೊದಲಿಂದ ಶುರು ಮಾಡಿದರೂ ಕೀ ಕೆಲಸ ಮಾಡಲಿಲ್ಲ. ಕೊನೆಗೆ ಪೆಟ್ಟಿಗೆಯ ಮುಚ್ಚಳ ಬಿಚ್ಚಿದಾಗ ನನ್ನ ಕಣ್ಣಿಗೆ ಬಿದ್ದದ್ದು ಒಂದು ವೈರು. ನಡುವೆ ಕತ್ತರಿಸಿ, ಎರಡೂ ತುದಿಗೆ ಟೇಪು ಸುತ್ತಿತ್ತು. ಇದೇನೆಂದು ಕೇಳಿದರೆ ಡಾಕ್ಟರು ತಡವರಿಸಿದರು. ಕಂಪ್ಯೂಟರಿಗೆ ಏನಾದರೂ ತೊಂದರೆಯಾದರೆ ಬೀಪ್ ಎಂದು ಹೇಳುವ ಸ್ಪೀಕರಿನದಂತೆ. ಕಿವಿಪರೀಕ್ಷೆಯ ನಡುವೆ ಅದು ಕೂಗಿದರೆ ಮಕ್ಕಳು ಅದಕ್ಕೂ 'ಕೇಳಿಸಿತು' ಎನ್ನುತ್ತಿದ್ದರಂತೆ. ಅದಕ್ಕೇ ಕತ್ತರಿಸಿದ್ದರಂತೆ.

ನನ್ನ ತಲೆ ಕೆಟ್ಟಿತು. "ಅದು ಆಗ್ಲಿಂದ ಏನಾಗಿದೆ ಅಂತ ಹೇಳ್ತಾನೇ ಇದೆ. ನೀವು ಬಾಯಿ ಕಟ್ಟಿ ಕೂರ್ಸಿದೀರಿ."

ವೈರಿನ ತುದಿಗಳನ್ನು ನಾನೇ ಹೊಸೆದೆ. ಡಾಕ್ಟರು ರೀಸೆಟ್ ಗುಂಡಿ ಒತ್ತಿದರು. ಸ್ವಲ್ಪ ಹೊತ್ತಿಗೆಲ್ಲ ಪೆಟ್ಟಿಗೆ ಬಿಡುವಿಲ್ಲದೆ ಪೀ ಪೀ ಎಂದು ಬೊಬ್ಬೆ ಹಾಕಿತು. ಯಾವುದೋ ಕೀ ಒತ್ತಿದ್ದು ಒತ್ತಿದಂತೇ ಇದೆ, ಬೇರೆ ಕೀಯ ಮಾತು ಒಳಕ್ಕೇ ಹೋಗುತ್ತಿಲ್ಲ ಎಂದರು ಡಾಕ್ಟರು. ನೋಡಲು ಎಲ್ಲವೂ ಸರಿಯಾಗೇ ಇದ್ದವು. ಏನಾಗಿದೆಯೆಂದು ತಮ್ಮನಿಗೆ ಸನ್ನೆ ಮಾಡಿ ಹೇಳಿದೆ, ಅವನು ನನ್ನ ತುಟಿ ನೋಡಿ ಅರ್ಥ ಮಾಡಿಕೊಂಡ. ಅವನು ಕೀಬೋರ್ಡನ್ನು ತನ್ನತ್ತ ಎಳೆದುಕೊಂಡು, ನೇರವಾಗಿ ಕೆಳಗಿನ ಉದ್ದನೆಯ ಕೀಯ ಮೇಲೆ ಬೆರಳಿಟ್ಟ. ಚಿಕ್ಕಂದಿನ ಕಿವಿಪರೀಕ್ಷೆಯಲ್ಲಿ ಶಬ್ದ ಕೇಳಿಸಿದಾಗ ಇದನ್ನು ಒತ್ತು ಎಂದು ಡಾಕ್ಟರು ಹೇಳಿಕೊಟ್ಟದ್ದು ಅದನ್ನೇ. ಕೇಳಿಸಿದ ಸಂಭ್ರಮಕ್ಕೆ ಇವನೂ ಇವನಂಥ ಮಕ್ಕಳೂ ಅದನ್ನು ಗುದ್ದಿ ಗುದ್ದಿ ಹಣ್ಣು ಮಾಡಿದ್ದರು. ಒಂದು ತುದಿ ಕೂದಲೆಳೆಯಷ್ಟು ತಗ್ಗಿತ್ತು. ಹೊಲಿಗೆ ಬಿಚ್ಚುವ ಕೊಕ್ಕೆ ತೂರಿಸಿ ಎತ್ತಿದೆ. ಬೊಬ್ಬೆ ನಿಂತಿತು. ಡಾಕ್ಟರು ಕೀ ಒತ್ತಿದರು, ಸೆಟ್ಟಿಂಗ್ಸಿನ ನೀಲಿ ಪುಟ ತೆರೆಯಿತು.

ಡಿಸ್ಕಿನ ಮೈಮೇಲಿದ್ದ ಅಂಕಿಗಳನ್ನು ಅಲ್ಲಿ ತುಂಬಬೇಕಿತ್ತು. ಒಂದು ತಪ್ಪಿದರೂ ಇರುವ ಅಳತೆಯ ಮೇಲೆ ಇನ್ನೇನೋ ಬರೆದುಬಿಟ್ಟೀತು ಎಂದರು ಡಾಕ್ಟರು. ನಾನು ಬಗ್ಗಿ ನೋಡಿ ಕೈಬೆರಳಲ್ಲಿ ಒಂದೊಂದೇ ಅಂಕಿ ತೋರಿಸಿದೆ, ತಮ್ಮ ಒತ್ತಿದ. ಕೊನೆಯದಾಗುತ್ತಲೇ ತೆರೆ ಕಪ್ಪಾಯಿತು, ಕರಕರವೂ ನಿಂತಿತು. ತಮ್ಮನ ಅಂಗೈ ಪೆಟ್ಟಿಗೆಯ ಮೇಲೇ ಇತ್ತು, ಅವನು ನನ್ನತ್ತ ನೋಡಿದ, ಈ ಸಲ ನನಗೆ ನಗಲಾಗಲಿಲ್ಲ. ಆಮೇಲೆ ಒಳಗೆ ಏನೋ ತಡವರಿಸಿ, ಕೆರೆದು, ಮತ್ತೆ ತಿರುಗಿತು. ತೆರೆಯ ಮೇಲೆ ತಮ್ಮನ ಹೆಸರು ಬಂತು.

ಡಾಕ್ಟರು ಆ ಖಾಲಿ ಯಂತ್ರವನ್ನು ಅವನ ಕಿವಿಯ ಹಿಂದೆ ಕೂರಿಸಿ, ಅದಕ್ಕೆ ತಂತಿ ಸಿಕ್ಕಿಸಿ ಅಳತೆ ತುಂಬಿಸಿದರು. ತುಂಬುವಷ್ಟು ಹೊತ್ತೂ ಆ ಸದ್ದು ನನ್ನ ಹಲ್ಲಿನೊಳಗೇ ಉಜ್ಜಿದಂತಿತ್ತು. ಏನಾದರೂ ಮಾತಾಡಿ ನೋಡು ಎಂದು ಡಾಕ್ಟರು ನನಗೆ ಹೇಳಿದರು.

ನಾನು ಬಾಯಿ ತೆರೆಯುವ ಮೊದಲೇ ತಮ್ಮ ಪೆಟ್ಟಿಗೆಯತ್ತ ತಿರುಗಿದ. ಅಂಗೈಯನ್ನು ಮೆಲ್ಲಗೆ ಅದರ ಮೇಲಿಂದ ತೆಗೆದ.

"ಅಕ್ಕ, ಈ ಸದ್ದು ಮೊದ್ಲಿಂದ್ಲೂ ಇತ್ತಾ?"

ನನ್ನ ಹೆಬ್ಬೆರಳು ಅರ್ಧಕ್ಕೆ ಎದ್ದು ಅಲ್ಲೇ ನಿಂತಿತು.

"ಇತ್ತು ಕಣೋ. ನಂಗೆ ತುಂಬ ಭಯ ಆಗಿತ್ತು," ಎಂದೆ.

ಅವನು ತಲೆಯಾಡಿಸಿದ. ಆಗಲೂ ಪೆಟ್ಟಿಗೆಯನ್ನೇ ನೋಡುತ್ತಿದ್ದ; ನನ್ನ ತುಟಿಗಳನ್ನಲ್ಲ.