ಹದಿನಾಲ್ಕನೇ ನಂಬರಿನ ಮರ

ಮಾರ್ಚ್ ಹದಿನಾರರ ಬೆಳಿಗ್ಗೆ ಸ್ಟೇಷನ್ ಬೀದಿಯ ಹದಿನಾಲ್ಕನೇ ನಂಬರಿನ ಪಾಪ್ಲರ್ ಮರದ ಬುಡದಿಂದ ಮೂರು ಅಣಬೆಗಳನ್ನು ಸಲಿಕೆಯಿಂದ ಕೆರೆದು ತೆಗೆದು, ಆ ಜಾಗಕ್ಕೆ ಎರಡು ಸಲ ಸುಣ್ಣ ಬಳಿದೆ. ಹನ್ನೆರಡು ದಿನಗಳ ನಂತರ ನಮ್ಮ ತಂಡದ ಎರ್ಮೆಕ್ ಕೊಂಬೆ ಕಡಿಯಲು ಆ ಮರ ಹತ್ತಿದ. ಮರ ಬೇರುಸಮೇತ ಮಗುಚಿತು. ಅವನ ಬೆನ್ನುಮೂಳೆ ಮುರಿಯಿತು.

ನನ್ನ ಹೆಸರು ಬುರೂಲ್. ಚೂಯ್ ಕಣಿವೆಯ ಈ ಪಟ್ಟಣದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಬೀದಿಮರಗಳ ಕೆಲಸ ಮಾಡುತ್ತಿದ್ದೇನೆ. ನಮ್ಮ ತಂಡದಲ್ಲಿ ಮರವನ್ನು ಎದೆಮಟ್ಟಕ್ಕೆ ಎರಡು ಪಾಲು ಮಾಡಿದ್ದಾರೆ. ಅಲ್ಲಿಂದ ಮೇಲಿನದು ಗಂಡಸರದ್ದು: ಹಗ್ಗ, ಗರಗಸ, ಸೊಂಟಪಟ್ಟಿ. ಅಲ್ಲಿಂದ ಕೆಳಗಿನದು ಹೆಂಗಸರದ್ದು: ಕಾಲುವೆಯ ಕೆಸರು, ಬುಡದ ಮಣ್ಣು, ವರ್ಷಕ್ಕೆರಡು ಸಲ ಸುಣ್ಣ. ಮರದ ಬಗ್ಗೆ ಯಾವ ಸಭೆ ನಡೆದರೂ ಮೇಲಿನವರನ್ನೇ ಕರೆಯುತ್ತಾರೆ. ಮರ ನಿಂತಿರುವುದು ಯಾವುದರ ಮೇಲೆ ಎಂದು ಬುಡ ನೋಡುವವರನ್ನು ಈವರೆಗೆ ಯಾರೂ ಕೇಳಿಲ್ಲ.

ನನಗೆ ಅಣಬೆಯ ವಿಷಯ ತಿಳಿದಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ತಿಳಿದಿತ್ತು. ಜನವರಿಯಲ್ಲಿ ನಾವೆಲ್ಲ ತಂಡದ ವಿಶ್ರಾಂತಿಗಿರುವ, ಒಲೆ ಹಚ್ಚಿದ ವ್ಯಾಗನ್ನಿನೊಳಗೆ ಚಹಾ ಕುಡಿಯುತ್ತಿದ್ದಾಗ, ಎಲ್ಲರೂ ತಾತ ಎಂಬ ಅರ್ಥದಲ್ಲಿ ಅತಾ ಎನ್ನುವ ನಿವೃತ್ತ ಅರಣ್ಯಪಾಲಕ ಇಶೆನ್ ಬಂದು ಚೀಲದಿಂದ ಒಣಗಿದ ಮರದಣಬೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ತಟ್ಟೆಯಷ್ಟು ಅಗಲ, ಮೇಲೆ ಕಂದು, ಅಡಿಯಲ್ಲಿ ಮಾಸಲು ಬಿಳಿ.

"ಇದೇನು ಅತಾ, ರೊಟ್ಟೀನಾ? ಒಂದು ತುಂಡು ಮುರೀರಿ, ಚಹಾಕ್ಕೆ ಅದ್ಕೋತೀನಿ," ಎಂದ ಎರ್ಮೆಕ್.

"ಹಲ್ಲು ಹೋಗುತ್ತೆ. ನಿನ್ನ ಹೆಂಡ್ತಿ ರೊಟ್ಟಿ ತಿಂದು ಅಭ್ಯಾಸ ಇದ್ರೆ ಕಡಿದು ನೋಡು," ಎಂದರು ಮುದುಕರು.

ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ಎರ್ಮೆಕ್.

"ತಮಾಷೆ ಸಾಕು, ಕೇಳ್ರಪ್ಪ. ಇದು ಹೊರಗೆ ಕಾಣಿಸ್ತು ಅಂದ್ರೆ ರೋಗ ಇವತ್ತು ಶುರುವಾಯ್ತು ಅಂತಲ್ಲ. ವರ್ಷಗಟ್ಟಲೆ ಒಳಗೆ ಕೂತು ತಿಂದಿದೆ. ಕೊಂಬೇಲಿ ಬಂದ್ರೆ ಆ ಕೊಂಬೆ ನಂಬಬೇಡಿ. ಬುಡದಲ್ಲಿ ಬಂದ್ರೆ ಇಡೀ ಮರಾನೇ ನಂಬಬೇಡಿ."

"ಕೊಡತೀಲಿ ಬಡಿದ್ರೆ ಗೊತ್ತಾಗಲ್ವಾ?" ಎಂದು ಎರ್ಮೆಕ್ ಕೇಳಿದ.

"ಕಾಂಡ ಟೊಳ್ಳಾಗಿದ್ರೆ ಗೊತ್ತಾಗುತ್ತೆ. ಬೇರು ಲಡ್ಡಾಗಿದ್ರೆ? ಮಣ್ಣೊಳಗೆ ಎಲ್ಲಿ ಬಡೀತೀಯ? ಕಾಂಡ ಗಟ್ಟಿ ಸದ್ದೇ ಕೊಡುತ್ತೆ. ಎಲೆ ಹಸಿರಾಗೇ ಇರುತ್ತೆ. ಕೆಳಗೆ ಹಿಡಿದು ನಿಲ್ಲಿಸೋಕೆ ಏನೂ ಇರಲ್ಲ. ಅದಕ್ಕೇ ಹತ್ತೋ ಮುಂಚೆ ಒಂದು ಸುತ್ತು ಬಾ. ಬುಡದಲ್ಲಿ ಇದು ಕಂಡ್ರೆ ಹಗ್ಗ ಬಿಚ್ಚಲೇಬೇಡ, ಏಣಿ ಲಾರಿ ತರಿಸು."

"ಏಣಿ ಲಾರಿ ಯಾವಾಗ್ಲೂ ಚೌಕದಲ್ಲಿ ದೀಪ ಕಟ್ತಿರುತ್ತೆ."

"ಹಾಗಾದ್ರೆ ಹತ್ತಬೇಡ."

"ನನಗೇನು ಚಿಂತೆ ಅತಾ," ಎಂದು ಎರ್ಮೆಕ್ ನನ್ನ ಕಡೆ ಗದ್ದ ಚಾಚಿದ. "ಕೆಳಗೆ ಬುರೂಲ್ ಎಜೆ ಇರ್ತಾರೆ. ಅವರ ಕಣ್ಣು ತಪ್ಪಿಸಿ ಇರುವೆ ಕೂಡ ಮರ ಹತ್ತಲ್ಲ."

ನನಗಿಂತ ಹದಿನೇಳು ವರ್ಷ ಚಿಕ್ಕವನು. ಸ್ವಂತ ಅಕ್ಕನನ್ನು ಕರೆಯುವಂತೆಯೇ ಎಜೆ ಎನ್ನುತ್ತಿದ್ದ.

ಮಾರ್ಚ್‌ನಲ್ಲಿ ಹೊಸ ವರ್ಷದ ನೂರುಜ್ ಹಬ್ಬಕ್ಕೆ ಮುಂಚೆ ನಮ್ಮ ಮುಖ್ಯಸ್ಥ ದೂರೊನ್‌ಬೆಕ್ ಬೈಕೆ ಬೀದಿಗೆ ಬಂದರು. ಬೈಕೆ ಎಂದರೆ ಅಣ್ಣ; ಮೇಲಿನವರನ್ನು ನಾವು ಹಾಗೆಯೇ ಕರೆಯುವುದು. ಹಬ್ಬದ ದಿನ ರಾಜಧಾನಿಯ ದೊಡ್ಡವರ ಕಾರುಗಳು ಆ ಬೀದಿಯಲ್ಲಿ ಹಾದು ಹೋಗಲಿದ್ದವು. ಅರ್ಧ ನಿಮಿಷ ಹಾಯುವ ಕಾರುಗಳಿಗಾಗಿ ಎಂಟು ಜನ ಹೆಂಗಸರು ನಾಲ್ಕು ದಿನ ಮಂಡಿಯೂರಿ ಸುಣ್ಣ ಬಳಿಯಬೇಕಿತ್ತು. ಮರ ಬದುಕಿದೆಯೋ ಸತ್ತಿದೆಯೋ ಯಾರಿಗೂ ಬೇಕಿರಲಿಲ್ಲ. ಸುಣ್ಣದ ಗೆರೆ ಒಂದೇ ಮಟ್ಟಕ್ಕಿರಬೇಕಿತ್ತು, ಅಷ್ಟೆ.

"ಬೈಕೆ, ಹದಿನಾಲ್ಕರ ಬುಡದಲ್ಲಿ ಇದೆ," ಎಂದೆ.

"ಏನಿದೆ?"

"ಅಣಬೆ. ಮೂರು."

"ಕೆರಿ. ಮನೆಗೆ ತಗೊಂಡ್ ಹೋಗಿ ಸಾರು ಮಾಡ್ಕೋ."

ಅವರು ನಕ್ಕರು. ನಾನೂ ನಕ್ಕೆ. ಆ ನಗು ಈಗಲೂ ನನ್ನ ಕಿವಿಯಲ್ಲಿದೆ, ಅವರದ್ದಲ್ಲ, ನನ್ನದು.

ಕೆರೆಯುವಾಗ ಅದು ಸುಲಭಕ್ಕೆ ಬರಲಿಲ್ಲ. ಸಲಿಕೆಯನ್ನು ಕಾಲಿಂದ ಒತ್ತಬೇಕಾಯಿತು. ಕಿತ್ತು ಬಂದ ಜಾಗದಲ್ಲಿ ಬೆರಳಿಟ್ಟರೆ ಮರ ಮೆತ್ತಗಿತ್ತು. ಎರ್ಮೆಕ್‌ಗೆ ಹೇಳಬೇಕು ಎಂದುಕೊಂಡೆ. ಹಬ್ಬ ಬಂತು, ಮೊಳಕೆ ಗೋಧಿಯ ಸುಮೊಲೊಕ್ ಪಾಯಸದ ಕಡಾಯಿ ಕಲಕಿದೆವು, ನೆಂಟರು ಬಂದರು ಹೋದರು. ಮರೆತೆ ಎಂದು ಬರೆದರೆ ಅದು ಸುಳ್ಳು.

ಇಪ್ಪತ್ತೆಂಟರಂದು ನಾನು ಹದಿನೈದನೇ ಮರದ ಪಕ್ಕದ ಕಾಲುವೆಯಲ್ಲಿ ಕೆಸರೆತ್ತುತ್ತಿದ್ದೆ. ಏಣಿ ಲಾರಿ ಹಬ್ಬದ ದೀಪ ಬಿಚ್ಚಲು ಹೋಗಿತ್ತು. ದೂರೊನ್‌ಬೆಕ್ ಬೈಕೆ ಗಡಿಯಾರ ನೋಡುತ್ತ ನಿಂತಿದ್ದರು. ಎರ್ಮೆಕ್ ಹಗ್ಗ ಹೆಗಲಿಗೆ ಹಾಕಿಕೊಂಡು ಹದಿನಾಲ್ಕರ ಸುತ್ತ ನಿಧಾನವಾಗಿ ಒಂದು ಸುತ್ತು ಬಂದ, ಮುದುಕರು ಹೇಳಿದ್ದಂತೆಯೇ. ಬಗ್ಗಿ ಬುಡ ನೋಡಿದ. ಬೆಳ್ಳಗಿತ್ತು. ಕೊಡತಿಯಿಂದ ನಾಲ್ಕೂ ಕಡೆ ಬಡಿದ. ಸದ್ದು ಗಟ್ಟಿಯಾಗಿತ್ತು, ನನಗೂ ಕೇಳಿಸಿತು.

"ಎಜೆ, ನಿಮ್ಮ ಸುಣ್ಣ ನನ್ನ ಪ್ಯಾಂಟಿಗೆಲ್ಲ ಮೆತ್ಕೊಳ್ಳುತ್ತಲ್ಲ."

"ಒಗೆಯೋಳು ನಾನಲ್ಲ ಬಿಡು."

ಹೇಳಬೇಕಾದ ಮಾತು ಬೇರೆಯಿತ್ತು. ಹೇಳಿದ್ದು ಇದು. ಹತ್ತಬೇಡ ಎಂದಿದ್ದರೆ ಯಾಕೆ ಎಂದು ಕೇಳುತ್ತಿದ್ದ. ಯಾಕೆ ಎಂದು ಹೇಳಿದರೆ, ಕೆರೆದವಳು ನಾನೇ ಎಂದೂ ಹೇಳಬೇಕಿತ್ತು. ಅವನು ಮೊದಲ ಕೊಂಬೆ ಮುಟ್ಟುವ ತನಕ ಬಾಯಿ ತೆರೆಯಲು ನನಗೆ ಸಮಯವಿತ್ತು. ನಾನು ಕೆಸರೆತ್ತಿದೆ.

ಮರ ಬಿದ್ದಾಗ ದೊಡ್ಡ ಸದ್ದೇನೂ ಬರಲಿಲ್ಲ. ಬೇರು ಮುರಿಯುವ ಸದ್ದು ಬರಬೇಕಾದರೆ ಬೇರು ಇರಬೇಕು. ನೆಲದಿಂದ ಎದ್ದುಬಂದದ್ದು ನೆನೆದ ರೊಟ್ಟಿಯಂಥ ಬಿಳೀ ನಾರು.

ಆಸ್ಪತ್ರೆಗೆ ಆರನೇ ದಿನ ಹೋದೆ. ಅವನ ಹೆಂಡತಿ ನನ್ನ ಕೈಗೆ ಚಹಾ ಬಟ್ಟಲು ಕೊಟ್ಟು, ಕೂತುಕೊಳ್ಳಿ ಎಜೆ ಎಂದು ತಾನು ನಿಂತಳು.

"ಬುಡ ನೋಡ್ದೆ ಎಜೆ," ಎಂದ ಎರ್ಮೆಕ್ ಛಾವಣಿ ನೋಡುತ್ತ. ಕಾಲುಗಳಲ್ಲಿ ಅಲುಗಾಟವಿರಲಿಲ್ಲ. "ಬಡಿದೂ ನೋಡ್ದೆ. ಎಲ್ಲಿ ತಪ್ಪಿದೆ ಅಂತ ಗೊತ್ತೇ ಆಗ್ತಿಲ್ಲ. ಅತಾ ಬಂದ್ರೆ ಏನಂತಾರೋ. ಇಷ್ಟು ಹೇಳ್ಕೊಟ್ಟೂ ದಡ್ಡ ಕಲೀಲಿಲ್ಲ ಅಂತಾರೆ."

"ಏನೂ ಅನ್ನಲ್ಲ."

"ನೀವು ನೋಡ್ತಿದ್ರಲ್ಲ, ನಾನು ಸುತ್ತು ಹಾಕಿದ್ದು?"

"ನೋಡ್ದೆ."

ಅಷ್ಟೇ ಹೇಳಿದೆ. ಬಟ್ಟಲಿನ ಚಹಾ ಪೂರ್ತಿ ಕುಡಿದೆ. ನನ್ನ ತಪ್ಪನ್ನು ಅವನು ಮಲಗಿದಲ್ಲೇ ತನ್ನ ಮೈಮೇಲೆ ಹೊದ್ದುಕೊಳ್ಳುತ್ತಿದ್ದ. ನಾನು ಹೊದಿಕೆ ಸರಿಮಾಡಿ ಎದ್ದು ಬಂದೆ.

ಮರುದಿನ ದೂರೊನ್‌ಬೆಕ್ ಬೈಕೆ ತಮ್ಮ ಕೋಣೆಗೆ ಕರೆಸಿದರು. ಮೇಜಿನ ಮೇಲೆ ಸುರಕ್ಷತೆಯ ಪುಸ್ತಕ ತೆರೆದಿತ್ತು. ಕೆಲಸಕ್ಕೆ ಮುಂಚೆ ಅಪಾಯ ವಿವರಿಸಿದ್ದಾರೆ, ನಾವು ಕೇಳಿದ್ದೇವೆ ಎಂದು ನಾವೆಲ್ಲ ಸಹಿ ಹಾಕುವ ಪುಸ್ತಕ ಅದು. ಯಾರೂ ವಿವರಿಸುವುದಿಲ್ಲ, ಯಾರೂ ಕೇಳುವುದಿಲ್ಲ, ಸಹಿಗಳು ಮಾತ್ರ ತುಂಬುತ್ತವೆ. ಮರದ ಮೇಲಿರುವವರ ಸಹಿಯನ್ನು ಕೆಳಗಿರುವ ನಾನೇ ಹಾಕಿಬಿಡುತ್ತಿದ್ದೆ. ಎರ್ಮೆಕ್‌ನ ಸಹಿಯನ್ನು ಆರು ವರ್ಷಗಳಿಂದ ಹಾಕಿದ್ದೇನೆ. ಬಾಲ ಉದ್ದವಾಗಿ ಎಳೆದ ಕಡೆಯ ಅಕ್ಷರ ಅವನಿಗಿಂತ ನನಗೇ ಚೆನ್ನಾಗಿ ಬರುತ್ತದೆ.

"ತನಿಖೆಯವರು ನಾಳೆ ಬರ್ತಾರೆ," ಎಂದರು. "ಓದ್ಕೋ."

ಹೊಸ ಶಾಯಿಯಲ್ಲಿ ಬರೆದಿತ್ತು: ಮಾರ್ಚ್ ಇಪ್ಪತ್ತೆಂಟು. ಹದಿನಾಲ್ಕನೇ ಮರ ಅಪಾಯಕಾರಿ, ಏಣಿ ಲಾರಿ ಬರುವವರೆಗೆ ಹತ್ತಕೂಡದು ಎಂದು ಕೆಲಸಗಾರನಿಗೆ ತಿಳಿಸಲಾಗಿದೆ.

"ಕೆಳಗೆ ಎರ್ಮೆಕ್ ಸಹಿ ಬೇಕು."

"ಅವನು ಆಸ್ಪತ್ರೇಲಿದ್ದಾನಲ್ಲ."

"ಅದಕ್ಕೇ ನಿನ್ನ ಕರೆಸಿದ್ದು." ಅವರ ದನಿ ಮೃದುವಾಯಿತು. "ನೋಡು ಬುರೂಲ್, ಅಣಬೆ ವಿಷಯ ನನಗೂ ನಿನಗೂ ಬಿಟ್ಟು ಯಾರಿಗೂ ಗೊತ್ತಿಲ್ಲ. ಇದರಲ್ಲಿ ನಿನ್ನ ಹೆಸರೇ ಬರಲ್ಲ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ಅವರು ಹೇಳಿದ್ದು ನಿಜ. ಒಂದು ಸಹಿ ಹಾಕಿದರೆ ನಾನು ಜೀವಮಾನವಿಡೀ ಕೆರೆದವಳಲ್ಲ, ಬಳಿದವಳಲ್ಲ, ಪಕ್ಕದ ಕಾಲುವೆಯಲ್ಲಿ ಸುಮ್ಮನೆ ನಿಂತವಳೂ ಅಲ್ಲ. ಹೇಳಿದ ಮಾತು ಕೇಳದೆ ಮರ ಹತ್ತಿ ಬಿದ್ದವನು ಅವನು.

"ಬೇರೆ ಹಾಳೇಲಿ ಬರ್ಕೊಳ್ಳಿ ಬೈಕೆ," ಎಂದೆ. "ಮಾರ್ಚ್ ಹದಿನಾರು. ಮೂರು ಅಣಬೆ. ಕೆರಿ ಅಂದಿದ್ದು ನೀವು, ಕೆರೆದಿದ್ದು ನಾನು. ಗೊತ್ತಿದ್ದೂ ಅವನಿಗೆ ಹೇಳ್ಲಿಲ್ಲ. ಅದರ ಕೆಳಗೆ ನನ್ನ ಸಹಿ ಹಾಕ್ತೀನಿ."

"ತಲೆ ಕೆಟ್ಟಿದೆಯಾ? ಮೊದಲು ಎಳ್ಕೊಂಡು ಹೋಗೋದು ನಿನ್ನನ್ನೇ."

"ಹೋಗ್ಲಿ."

ಅವರು ಎದ್ದು ಬಾಗಿಲು ಮುಚ್ಚಿದರು. ಪೆನ್ನಿನ ಮುಚ್ಚಳ ತೆಗೆದು ನನ್ನ ಬೆರಳುಗಳ ನಡುವೆ ತಾವೇ ಸಿಕ್ಕಿಸಿದರು.

"ಮಾತು ಸಾಕು. ಹಾಕು."

"ಅವನ ಸಹಿ ನಾನು ಹಾಕಲ್ಲ," ಎಂದೆ.